ತೋಳಿನ ಅಳತೆ

ಉಬ್ಬಿದ ತೋಳುಗಳ ದೆಸೆಯಿಂದ ಬೀದಿಯವರು ಅವನನ್ನು ತೋಳಣ್ಣ ಎಂದು ಕರೆಯುತ್ತಿದ್ದರು. ವಸತಿಗೃಹವೊಂದರ ಗಲ್ಲಾದಲ್ಲಿ ಕೂತು ಬೀಗದ ಕೈ ಕೊಡುವುದು, ಮರಳಿ ಪಡೆಯುವುದು ಅವನ ಉದ್ಯೋಗ. ಅದಕ್ಕೆ ಅಂಥ ತೋಳುಗಳ ಅಗತ್ಯವೇನೂ ಇರಲಿಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಡಬೇಕಾದಾಗ ಸೊಂಟ ಉಳುಕೀತೆಂದು ಪಕ್ಕದ ಮನೆಯವರನ್ನು ಕೂಗುತ್ತಿದ್ದ ಮಹಾಶಯ, ಆ ತೋಳುಗಳ ಸಲುವಾಗಿ ಮದುವೆಗೆ ಮುಂಚಿನಿಂದಲೂ ಜಿಮ್ಮಿನ ತರಬೇತುದಾರನಿಂದ ಪುರುಷ ಹಾರ್ಮೋನು ಚುಚ್ಚಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಅದಕ್ಕೆ ‘ವಿಟಮಿನ್’ ಎಂದು ಹೆಸರು.

ಹೆಂಡತಿ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಂದವರ ಬಟ್ಟೆಯ ಜೊತೆಗೆ ಗಂಡನ ಅಂಗಿಯ ತೋಳು ಬಿಚ್ಚಿ ಅಗಲಿಸುವುದೂ ಅವಳಿಗೆ ಕಾಯಂ ಕೆಲಸ. ಮಕ್ಕಳಾಗದಿದ್ದಕ್ಕೆ ಪರೀಕ್ಷೆಗಳೆಲ್ಲ ಅವಳಿಗೇ ನಡೆದವು. ಚುಚ್ಚುಮಾತುಗಳೂ ಅವಳ ಪಾಲಿಗೇ ಬಂದವು. ಅತ್ತೆಯಂತೂ ಬಟ್ಟೆ ಕೊಡಲು ಬಂದವರೆದುರಿಗೇ, “ನನ್ನ ಮಗನ್ನ ನೋಡಿದ್ರೆ ಗೊತ್ತಾಗಲ್ವಾ, ದೋಷ ಯಾರದು ಅಂತ?” ಎನ್ನುತ್ತಿದ್ದರು. ಮಗ ಅದನ್ನು ಕೇಳಿಸಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದ.

ಕೊನೆಗೊಬ್ಬ ವೈದ್ಯೆ ಅವನನ್ನೂ ಪರೀಕ್ಷಿಸಿದರು. ವೀರ್ಯಾಣುಗಳು ಇಲ್ಲವೆನ್ನುವಷ್ಟು ಕಡಿಮೆ. ವಿಟಮಿನ್ನಿನ ಗುಟ್ಟು ಅಲ್ಲಿ ಹೊರಬಿತ್ತು.

“ನೀವು ಹೊರಗಿಂದ ತಂದು ಸುರೀತಾ ಇದ್ರೆ ಒಳಗಿನವರು ಯಾಕ್ರೀ ದುಡೀತಾರೆ?” ಎಂದರು ವೈದ್ಯೆ.

ಹೊರಗಿನ ಹಾರ್ಮೋನು ತುಂಬಿದಾಗ ಮೆದುಳು ವೃಷಣಗಳಿಗೆ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಆ ಆಜ್ಞೆಯ ಕೆಲಸವನ್ನು ಮಾಡುವ ಬೇರೊಂದು ಚುಚ್ಚುಮದ್ದಿನಿಂದ ಒಳಗಿನ ಉತ್ಪತ್ತಿ ಚೇತರಿಸಿಕೊಳ್ಳಬಹುದು. ತಿಂಗಳುಗಳೇ ಬೇಕು, ಖಾತರಿಯಿಲ್ಲ. ಜಿಮ್ಮಿನದನ್ನು ಮಾತ್ರ ಪೂರ್ತಿ ಬಿಡಬೇಕು, ತೋಳು ಇಳಿದರೂ ಚಿಂತೆಯಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಇಷ್ಟೆಲ್ಲ ಕೇಳಿ ಅವನು ಬಾಯಿ ಬಿಟ್ಟದ್ದು ಒಂದೇ ಪ್ರಶ್ನೆಗೆ.

“ಎಷ್ಟು ಇಳಿಯುತ್ತೆ ಮೇಡಂ?”

ಈ ವೀರನಿಗೆ ಸ್ವತಃ ಸೂಜಿ ಚುಚ್ಚಿಕೊಳ್ಳಲು ಭಯ. ಹೆಂಡತಿಯೇ ನರ್ಸಿನಿಂದ ಕಲಿತು, ಮದ್ದನ್ನು ಫ್ರಿಜ್ಜಿನಲ್ಲಿ ಜೋಪಾನ ಮಾಡಿ, ತಪ್ಪದೆ ಅವನ ಹೊಟ್ಟೆಗೆ ಚುಚ್ಚಿದಳು. ಅಮ್ಮನಿಗೆ ಹೇಳಬೇಡವೆಂದು ಅವನು ಗೋಗರೆದದ್ದಕ್ಕೆ ಅತ್ತೆಯ ಮಾತುಗಳನ್ನೂ ನುಂಗಿಕೊಂಡಳು. ಅಂಗಿಯ ತೋಳು ಸಡಿಲವಾಗಿದೆ ಎಂದು ಅವನು ಹೇಳುವ ದಿನಕ್ಕಾಗಿ ಕಾದಳು; ಅವಳಿಗೆ ಅದೇ ಮಗುವಿನ ಮೊದಲ ಸುದ್ದಿಯಾಗಿತ್ತು.

ಒಂದು ಬೆಳಗ್ಗೆ ಅವನು ಅಂಗಿ ಹಿಡಿದು ಬಂದ. ಹಿಂದೆ ಅವಳೇ ಅಗಲಿಸಿಕೊಟ್ಟಿದ್ದ ಅಂಗಿ.

“ತೋಳು ಇನ್ನೂ ಸ್ವಲ್ಪ ಬಿಡು. ಬಿಗಿಯಾಗ್ತಿದೆ.”

ಅವಳು ಟೇಪು ಸುತ್ತಿ ನೋಡಿದಳು. ತೋಳು ಇಳಿದಿರಲಿಲ್ಲ, ಬೆಳೆದಿತ್ತು. ವಿಟಮಿನ್ ಇನ್ನೂ ನಡೆದಿದೆಯೇ ಎಂದು ಕೇಳಿದಳು. ಜಿಮ್ಮಿನ ಗೋಡೆಗೆ ತನ್ನ ಫೋಟೋ ಹಾಕಲಿದ್ದಾರೆ, ಅದು ಮುಗಿಯಲಿ, ಆಮೇಲೆ ಬಿಡುತ್ತೇನೆ ಎಂದು ಅವನು ಲವಲೇಶವೂ ನಾಚದೆ ಹೇಳಿದ.

ಅವಳು ಅತ್ತೆಯನ್ನು ಕರೆದು, ವೈದ್ಯೆ ಹೇಳಿದ್ದನ್ನೆಲ್ಲ ಒಂದಕ್ಷರ ಕೂಡಿಸದೆ, ಕಳೆಯದೆ ಒಪ್ಪಿಸಿದಳು. ಅತ್ತೆ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

ಅವಳು ಅಂಗಿಯನ್ನು ಅವನ ಹೆಗಲಿಗೆ ಹಾಕಿದಳು.

“ಇಷ್ಟು ವರ್ಷ ಮುದ್ದಿನಿಂದ ಸಾಕಿದೀರಲ್ಲ, ರೀ, ಈ ತೋಳೇ ನಿಮ್ಮ ಮಗು. ಇನ್ನು ಇದಕ್ಕೆ ಬಟ್ಟೆ ನೀವೇ ಹೊಲೀರಿ, ಸೂಜೀನೂ ನೀವೇ ಚುಚ್ಕೊಳ್ಳಿ.”

ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಯನ್ನು ಒಳಗೆ ಕರೆದಳು.