ತಮ್ಮನ ಕೈಯಲ್ಲಿ ಉಳಿದಿದ್ದ ಪೆಟ್ಟು

ಒಳಗೆ ಸಭೆ ನಡೆಯುತ್ತಿರುವಾಗಲೇ ನನ್ನ ತಮ್ಮ ಅನ್ನದ ಪಾತ್ರೆಯ ಮುಚ್ಚಳ ಬಡಿಯತೊಡಗಿದ. ತರಕಾರಿ ಹೆಚ್ಚುತ್ತಿದ್ದ ನಾನು ಓಡಿಹೋಗಿ ಗದರಿದೆ. "ಸುಮ್ನ್ ಕೂಕೋ ಮಾರಾಯಾ, ನನ್ ಮರ್ಯಾದಿ ತೆಗಿಬೇಡ!"

ಕುಂದಾಪುರದ ಕಾಲೇಜೊಂದರಲ್ಲಿ ಅಂದು ಸಂಗೀತದಿಂದ ಚಿಕಿತ್ಸೆ ಕೊಡುವುದನ್ನು ಕಲಿಯುವ ವಿದ್ಯಾರ್ಥಿಗಳ ಸಮ್ಮೇಳನ. ನಾನು ಅಡುಗೆ ಕೆಲಸಕ್ಕೆ ಹೋಗಿದ್ದೆ. ಮಾತು ಬಾರದ ತಮ್ಮನನ್ನು ನೋಡಿಕೊಳ್ಳುವವರಿಲ್ಲದೆ ಜೊತೆಗೆ ಕರೆದೊಯ್ದಿದ್ದೆ.

ಒಬ್ಬ ವಿದ್ಯಾರ್ಥಿನಿ ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಅವನೆದುರು ನೆಲದಲ್ಲೇ ಕುಳಿತು, ಬಕೆಟ್ ಮಗುಚಿ, ಅವನು ಬಡಿದಂತೆಯೇ ಬಡಿದಳು. ತಮ್ಮ ಬೆರಗಾಗಿ ನಿಲ್ಲಿಸಿದ. ಮತ್ತೆ ಬಡಿದ. ಅವಳೂ ಬಡಿದಳು. ಅವನು ಗಟ್ಟಿಯಾಗಿ ನಕ್ಕ.

"ಎಷ್ಟು ಚೆಂದ ಬಾರಿಸ್ತಾರೆ ಅಕ್ಕಾ! ಯಾರು ಕಲಿಸಿದ್ದು?"

ಆಗಲೇ ನಾನು ಮೊದಲ ಸಲ ಕಿವಿಗೊಟ್ಟಿದ್ದು. ಹೋಳಿಯಲ್ಲಿ ಮನೆಮನೆಗೆ ಹೋಗಿ ನಮ್ಮ ತಂದೆ ಗುಮಟೆ ಎಂಬ ಮಣ್ಣಿನ ವಾದ್ಯಕ್ಕೆ ಹಾಕುತ್ತಿದ್ದ ಪೆಟ್ಟು ಅದು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು.

"ನಮ್ ಅಪ್ಪಯ್ಯ," ಎಂದೆ. "ನಾನ್ ಗಲಾಟಿ ಅಂದ್ಹೇಳಿ ಇವ್ನಿಗ್ ಹೊಡ್ದ್ ನಿಲ್ಲಿಸ್ತಿದ್ದೆ, ಮಗಾ."

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ನೆಂಟರು ಬಂದಾಗಲೆಲ್ಲ ತಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದಕ್ಕೆ ಅದು ನೆಪವಾಗದು. ತಪ್ಪಾಯಿತು ಎಂದರೆ ಅವನಿಗೆ ತಿಳಿಯುವುದೋ ಇಲ್ಲವೋ. ಈಗ ದಿನಾ ಸಂಜೆ ಅವನೆದುರು ಕುಳಿತು ನಾನೂ ಬಡಿಯುತ್ತೇನೆ. ನನಗೆ ಪೆಟ್ಟು ತಪ್ಪಿದರೆ ಅವನು ನಿಲ್ಲಿಸುತ್ತಾನೆ. ಮತ್ತೆ ಸರಿಯಾಗಿ ಹಿಡಿಯುವವರೆಗೆ ನನಗಾಗಿ ಕಾಯುತ್ತಾನೆ.