ಬಾವಿಯಲ್ಲಿ ಮುಳುಗದ ಚೆಂಡು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದಲ್ಲಿ ಹುಣಸೆ ಬೀಜದಂಥ ನುಣುಪಾದ ಕಂದು ಕಲೆ. ಅವರ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅದನ್ನೇ, ಯಾಕೆಂದರೆ ನಮ್ಮ ಮನೆಗೆ ಅವರು ಯಾವಾಗಲೂ ಬರಿಗಾಲಲ್ಲಿ ಬರುತ್ತಿದ್ದರು. ನಾವು ಜೈನರು, ಚರ್ಮದ ವಸ್ತು ಒಳಗೆ ತರುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಅಥಣಿಯ ಚಪ್ಪಲಿಯನ್ನು ಓಣಿಯ ತುದಿಯ ಬೇವಿನ ಮರದ ಬುಡದಲ್ಲಿ ಬಿಟ್ಟು, ಸೊಂಟದ ಬೆಲ್ಟನ್ನೂ ಬಿಚ್ಚಿ ಟೊಂಗೆಗೆ ನೇತುಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಡೆದು ಬರುತ್ತಿದ್ದರು. ನಮ್ಮ ಹಿತ್ತಲಿನ ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ಕಾಲು ತೊಳೆದು, ಆಮೇಲೆ ಮನೆಯ ಕಟ್ಟೆಗೆ. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ಮೂರನೆಯ ಇಯತ್ತೆ ಕಲಿತವಳು. ಬರೆಯುವವಳಲ್ಲ. ಆದರೆ ಹೋದ ವಾರ ನನ್ನ ಮೊಮ್ಮಗಳು ಪದ್ಮಾ ನಮ್ಮ ಸುತ್ತಲಿನ ಊರುಗಳ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಆದಳು. ಸುದ್ದಿ ಕೇಳಿದ ಕೂಡಲೇ ಏಕಸಂಬಿಯ ಅರ್ಧ ಊರಿಗೆ ನಾನೇ ಕೈಯಾರೆ ಪೇಢೆ ಹಂಚಿದೆ. ಮೊಣಕಾಲು ನೋವು ಎಲ್ಲಿ ಹೋಯಿತೋ! ಹಂಚುತ್ತ ಹಂಚುತ್ತ ಬೇವಿನ ಮರದ ಹತ್ತಿರ ಬಂದಾಗ ಕಾಲು ನಿಂತುಬಿಟ್ಟವು. ಮೊದಲ ಪೇಢೆ ಯಾರ ಬಾಯಿಗೆ ಬೀಳಬೇಕಿತ್ತೋ ಅವರು ಇರಲಿಲ್ಲ. ಖುಷಿಯೊಳಗೆ ಮುಳ್ಳು ಚುಚ್ಚಿದಂತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಊರಲ್ಲಿ ಅವರನ್ನು ಎಲ್ಲರೂ ಮ್ಯಾನೇಜರ್ ಎನ್ನುತ್ತಿದ್ದರು. ಹೊಸತರಲ್ಲಿ ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಎಂದು ತಿಳಿದು, "ಸಾಹೇಬ್ರ, ನಮ್ಮ ಕಬ್ಬ ಒಣಗಾಕತ್ತೈತ್ರಿ, ಕಡ್ಯಾಕ ಆಳ ಕಳಸ್ರಿ" ಎಂದು ಕೈಮುಗಿದವರೂ ಇದ್ದರು. ಅವರು, "ನನ್ನ ಕಡೆ ಹನ್ನೊಂದ ಮಂದಿ ಅದಾರ, ಅವರಿಗೂ ಕುಡಗೋಲ ಹಿಡ್ಯಾಕ ಬರೂದಿಲ್ಲ" ಎನ್ನುತ್ತಿದ್ದರು.

ಅವರು ನಿಪ್ಪಾಣಿಯವರು. ತಾಯಿ ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದಳಂತೆ. ಚಿಕ್ಕವರಿದ್ದಾಗಲೇ ಕೊಲ್ಹಾಪುರದ ಸೋದರಮಾವನ ಮನೆ ಸೇರಿದರು. ಅಲ್ಲಿ ಪೇಟೆ ಪೇಟೆಗೂ ಒಂದು ಫುಟ್‌ಬಾಲ್ ತಂಡ, ತಂಡ ತಂಡಕ್ಕೂ ಜಿದ್ದು. ಅಂಥ ಒಂದು ತಂಡದಲ್ಲಿ ಆಡಿದರು. ಮೊದಲು ಉಗುರು ಹೋಯಿತು, ಆಮೇಲೆ ಮೊಣಕಾಲು ಹೋಯಿತು. ಆಟ ನಿಂತ ಮೇಲೆ ಅದೇ ತಂಡ ಅವರನ್ನು ಮ್ಯಾನೇಜರ್ ಮಾಡಿತು. ಯಾರು ಆಡಬೇಕು, ಯಾರು ಕೂಡಬೇಕು ಎನ್ನುವುದರಿಂದ ಹಿಡಿದು ಜಗಳ ಬಿಡಿಸುವವರೆಗೆ ಎಲ್ಲ ಅವರದೇ. ಕೊನೆಗೆ ಅದೂ ಹೋಗಿ, ಅಕ್ಕನ ಊರೆಂದು ಏಕಸಂಬಿಗೆ ಬಂದರು. ಗಂಡುಹುಡುಗರು ಕ್ರಿಕೆಟ್ ಬಿಟ್ಟು ಬರಲಿಲ್ಲ. ಹುಡುಗಿಯರನ್ನು ಕೂಡಿಸತೊಡಗಿದರು.

ನಮ್ಮ ಕಟ್ಟೆಯ ಮೇಲೆ ಮೊದಲ ಸಲ ಕುಳಿತಾಗ, "ಆಯಿ, ನಿಮ್ಮ ಹುಡುಗೀನ ನಮಗ ಕೊಡ್ರಿ" ಎಂದರು. ಆಗ ಪದ್ಮಾಳಿಗೆ ಹನ್ನೆರಡು.

"ಹೆಣ್ಣ ಕೇಳಾಕ ಬಂದೀರೇನ? ವರಾ ಯಾರು, ಚೆಂಡೇನ?" ಎಂದೆ.

ಅವರು ನಕ್ಕರು. "ಅಡ್ಡಿ ಏನೈತಿ ಹೇಳ್ರಿ."

"ಹೊತ್ತ ಮುಣಗೂದ್ರೊಳಗ ಉಣ್ಣೋ ಮಂದಿ ನಾವು. ನಿಮ್ಮ ಆಟ ಇರೂದ ಸಂಜೀಕ."

"ಹಂಗಾರ ಸೂರ್ಯಾನ ನಮ್ಮ ರೆಫ್ರೀ. ಅಂವ ಬೇವಿನ ತುದಿ ಮುಟ್ಟಿದ ಅಂದ್ರ ಸೀಟಿ ಊದ್ತೀನಿ. ಮುಗೀತು."

ಹಾಗೆಯೇ ನಡೆದುಕೊಂಡರು. ದನ ಮೇಯುವ ಗೈರಾಣದ ಬಯಲಲ್ಲಿ ಎಂಥ ಆಟ ನಡೆದಿದ್ದರೂ ಬಿಸಿಲು ಬೇವಿನ ತುದಿಗೆ ಬಂದರೆ ಸೀಟಿ. "ಇನ್ನೊಂದ ಗೋಲ್, ಸರ್!" ಎಂದು ಹುಡುಗಿಯರು ಕಾಲಿಗೆ ಬಿದ್ದರೂ, "ಗೋಲ್ ತಿಂದ್ರ ಹೊಟ್ಟಿ ತುಂಬೂದಿಲ್ಲ, ನಡೀರಿ" ಎಂದು ಕಿಸೆಯಿಂದ ಪುಟಾಣಿ ಕಡಲೆ, ಬೆಲ್ಲ ಹಂಚಿ ಮನೆಗೆ ಅಟ್ಟುತ್ತಿದ್ದರು. ಯಾರಿಗೂ ಬೈಯುತ್ತಿರಲಿಲ್ಲ. ಹುಡುಗಿಯರು ಚೆಂಡಿಗಾಗಿ ಕಿತ್ತಾಡಿದರೆ ಮಾತ್ರ ಒಂದೇ ಮಾತು: "ಚೆಂಡ ಕಾಲಾಗ ಇರೂದು ಒಂದ ಕಪ್ಪ ಚಹಾ ಕುಡಿಯೂವಷ್ಟ ಹೊತ್ತ. ಅದು ಇಲ್ಲದಾಗ ಏನ ಮಾಡ್ತಿ, ಅದು ಆಟ."

ಒಂದು ದಿನ ಕೇಳಿದೆ, ಕೊಲ್ಹಾಪುರ ಯಾಕೆ ಬಿಟ್ಟಿರಿ ಎಂದು. ಅವರು ಉಗುರಿಲ್ಲದ ಬೆರಳನ್ನು ಸವರುತ್ತ ಹೇಳಿದರು.

"ಆಡೂವಾಗ ಫೈನಲ್‌ನಾಗ ಚೆಂಡ ನನ್ನ ಕೈಗೆ ತಾಗಿ ಗೋಲಿನಾಗ ಹೋತ್ರಿ. ರೆಫ್ರೀ ನೋಡ್ಲಿಲ್ಲ. ಮಂದಿ ಹೆಗಲ ಮ್ಯಾಲ ಹೊತ್ತ ಮೆರಿಸಿದ್ರು, ಗುಲಾಲ ಹಾರಿಸಿದ್ರು. ನಾ ಬಾಯಿ ಬಿಡ್ಲಿಲ್ಲ. ಮ್ಯಾನೇಜರ್ ಆದಮ್ಯಾಲ ನಮ್ಮ ಹುಡುಗ ಒಬ್ಬ ಹಂಗ ಗೋಲ್ ಹೊಡದ. ನಾನ ಒಳಗ ಹೋಗಿ ರೆಫ್ರೀಗೆ ಹೇಳಿದೆ. ಸೋತ್ವಿ. ಮರುದಿನ ನನ್ನ ತಗದ್ರು."

"ಅಯ್ಯ, ಇಷ್ಟ ಸಣ್ಣ ಮಾತಿಗೆ ಕೆಲಸಾ ಕಳಕೊಂಡ್ರ್ಯಾ! ಶಾಣ್ಯಾ ಇಲ್ರಿ ನೀವು."

"ಇಲ್ರಿ ಆಯಿ. ಆದ್ರ ನಿದ್ದಿ ಚಲೋ ಬರತೈತಿ."

ಆವತ್ತೂ ನಾನು ನಕ್ಕೆ.

ಆ ವರ್ಷ ಭಾದ್ರಪದದಲ್ಲಿ ನಮ್ಮ ದಶಲಕ್ಷಣ ಪರ್ವ ನಡೆದಿತ್ತು. ಹತ್ತು ದಿನ, ದಿನಕ್ಕೊಂದು ಧರ್ಮ. ನಾನು ಒಪ್ಪತ್ತು ಉಂಡು ಇದ್ದೆ. ಆಗಲೇ ಪದ್ಮಾ ಜಿಲ್ಲೆಯ ತಂಡದ ಆಯ್ಕೆಗೆ ಬೆಳಗಾವಿಗೆ ಹೋಗಬೇಕೆಂದಾಯಿತು. ಮನೆಯಲ್ಲೂ ಆಡಲಿ ಎಂದು ಮ್ಯಾನೇಜರ್ ಅವಳ ಕೈಗೆ ಒಂದು ಹೊಸ ಚೆಂಡು ಕೊಟ್ಟು ಕಳಿಸಿದರು. ಅವಳು ಅದನ್ನು ತಂದು ಅಡುಗೆಮನೆಯ ಪಕ್ಕದ ಗೂಡಿನಲ್ಲಿ, ನನ್ನ ಬಸದಿಯ ತಂಬಿಗೆಯ ಮಗ್ಗುಲಿಗೇ ಇಟ್ಟಳು. ನೆರೆಮನೆಯವಳು ಇಣುಕಿ ನೋಡಿ, "ಏನ ಬೇ, ಪರ್ವದಾಗ ದನದ ಚರ್ಮಾ ತಂದ ದೇವರ ಹಂತ್ಯಾಕ ಇಟ್ಟೀರಿ!" ಎಂದಳು.

ನಾನು ಯಾರನ್ನೂ ಕೇಳಲಿಲ್ಲ. ಮರುದಿನ ಬಸದಿಯಿಂದ ಬಂದವಳೇ, ಪದ್ಮಾ ಶಾಲೆಗೆ ಹೋದದ್ದನ್ನು ನೋಡಿ, ಕಸಬಾರಿಗೆಯ ಹಿಡಿಯಿಂದ ಚೆಂಡನ್ನು ನೂಕುತ್ತ ನೂಕುತ್ತ ಹಿತ್ತಲಿಗೆ ಒಯ್ದು, ಕಟ್ಟೆ ಒಡೆದಲ್ಲಿಂದ ಬಾವಿಗೆ ದಬ್ಬಿದೆ. ನಳ ಬಂದ ಮೇಲೆ ದೋಣಿಗೂ ನಳದ ನೀರೇ; ಆ ಬಾವಿಯನ್ನು ಯಾರೂ ಸೇದುತ್ತಿರಲಿಲ್ಲ, ಇಣುಕುತ್ತಲೂ ಇರಲಿಲ್ಲ. ಒಳಗೆ ಬಂದು ನೆಲ ಒರೆಸಿ ಮತ್ತೊಮ್ಮೆ ಮಿಂದೆ.

ಪದ್ಮಾ ಬಂದು ಹುಡುಕಿದಳು. "ಓಣ್ಯಾನ ಕರೀ ನಾಯಿ ಕಚಗೊಂಡ ಹೋತು" ಎಂದೆ. ಆವತ್ತು ಸತ್ಯಧರ್ಮದ ದಿನ. ಬೆಳಿಗ್ಗೆ ಬಸದಿಯಲ್ಲಿ ಅದನ್ನೇ ಕೇಳಿ ತಲೆದೂಗಿ ಬಂದಿದ್ದೆ.

ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಳು. ಸಂಜೆ ಮ್ಯಾನೇಜರ್ ಬಂದರು, ಅದೇ ಬರಿಗಾಲು, ಅದೇ ಕೈಯಲ್ಲಿ ಹಿಡಿದ ಪ್ಯಾಂಟು. ಅವರಿಗೂ ನಾಯಿಯ ಕತೆಯನ್ನೇ ಹೇಳಿದೆ.

"ನಾಯಿ ಅದನ್ನ ಮೂಸೂದಿಲ್ರಿ ಆಯಿ. ಚರ್ಮಾ ಇದ್ರ ಕಚ್ಚತೈತಿ. ಅದು ಚರ್ಮದ್ದಲ್ಲ, ರೆಗ್ಜಿನ್. ನಿಮ್ಮ ಮನ್ಯಾಗ ಇಡೂದು ಅಂತ ನಾಲ್ಕ ಅಂಗಡಿ ತಿರಗಿ ಕೇಳಿ ತಂದಿದ್ನಿ."

ನನ್ನ ಮುಖ ನೋಡಿ ಹೇಳಲಿಲ್ಲ. ತಮ್ಮ ಹೆಬ್ಬೆರಳು ನೋಡಿಕೊಂಡು ಹೇಳಿದರು. ಆಮೇಲೆ ಪದ್ಮಾಳ ಕಡೆ ತಿರುಗಿ, "ಅಳಬ್ಯಾಡ. ಚೆಂಡ ಇಲ್ಲದಾಗ ಏನ ಮಾಡಬೇಕಂತ ಕಲಸಿಲ್ಲೇನ ನಿನಗ? ಹಿತ್ತಲದಾಗ ಓಡು. ಚೆಂಡ ಐತಿ ಅಂತ ತಿಳಕೊಂಡ ಓಡು" ಎಂದರು. ಅವಳು ಓಡಿದಳು. ಬಾವಿಯ ಸುತ್ತಲೇ ಓಡಿದಳು. ನಾನು ಕಂಬ ಹಿಡಿದು ನಿಂತಿದ್ದೆ.

ಮುಳುಗುತ್ತದೆ ಎಂದುಕೊಂಡಿದ್ದೆ. ಚೆಂಡು ಮುಳುಗಲಿಲ್ಲ. ದಿನಾ ಬೆಳಿಗ್ಗೆ ಇಣುಕಿದರೆ ಬೆಳ್ಳಗೆ ತೇಲುತ್ತಿತ್ತು. ನಾನು ನೋಡುವುದನ್ನೇ ಕಾಯುತ್ತಿರುವಂತೆ ಮೆಲ್ಲಗೆ ತಿರುಗುತ್ತಿತ್ತು.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಸಣ್ಣವರು ದೊಡ್ಡವರು ಎನ್ನದೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಆವತ್ತು ಸೊಸೆಯನ್ನು ಕೇಳಿದೆ, ನೆರೆಮನೆಯವಳನ್ನು ಕೇಳಿದೆ, ಹಾಲಿನವನನ್ನೂ ಕೇಳಿದೆ. ಬಾಯಿಪಾಠದ ಮಾತು, ಸಲೀಸಾಗಿ ಬರುತ್ತದೆ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ದೋಣಿಯಲ್ಲಿ ಕಾಲು ತೊಳೆಯಲು ಹೋದವರು ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿ ನೋಡುತ್ತ ನಿಂತರು. ಚೆಂಡು ಅಲ್ಲೇ ತೇಲುತ್ತಿತ್ತು.

ಅವರು ಮನೆಯ ಕಟ್ಟೆಗೆ ಬಂದರು. ಕೂಡಲಿಲ್ಲ. ಪ್ಯಾಂಟು ಹಿಡಿದ ಕೈಯನ್ನೂ ಬಿಟ್ಟು ಎರಡೂ ಕೈ ಜೋಡಿಸಿದರು.

"ಇವತ್ತ ನಿಮ್ಮಲ್ಲಿ ಕ್ಷಮಾ ಕೇಳೂ ದಿನಾ ಅಂತ. ನಾನೂ ಕೇಳಬೇಕಂತ ಬಂದ್ನಿ. ಪರ್ವದ ದಿನದಾಗ ಹಿರ್ಯಾರನ್ನ ಕೇಳದ ನಿಮ್ಮ ಮನಿಯೊಳಗ ಚೆಂಡ ಕಳಿಸಿದ್ನಿ. ನಿಮ್ಮ ಮನಸ್ಸಿಗೆ ತ್ರಾಸ ಆಗಿರಬೇಕು. ತಪ್ಪಾತು. ಕ್ಷಮಾ ಮಾಡ್ರಿ ಆಯಿ."

ನಾನು ಆಗ ಹೇಳಬೇಕಿತ್ತು. ಕಾಲಿಗೆ ಬೀಳಬೇಕಿತ್ತು. ಸೊಸೆ ಬಾಗಿಲಲ್ಲಿ ನಿಂತಿದ್ದಳು, ನೆರೆಮನೆಯವಳು ಕಟ್ಟೆಯ ಮೇಲಿದ್ದಳು, ಪದ್ಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿರಿಯಳೆಂಬ ಬಿಂಕ ಅಡ್ಡ ಬಂತು. ದೊಡ್ಡ ಮನಸ್ಸಿನವಳ ಹಾಗೆ ಕೈ ಎತ್ತಿ, "ಇರಲಿ ಬಿಡ್ರಿ" ಎಂದೆ.

ಕ್ಷಮಿಸಿದೆ ನಾನು! ಅವರನ್ನು!

ಅವರು "ಉಪಕಾರ ಆತ್ರಿ" ಎಂದು ಹೇಳಿ, ಮತ್ತೆ ಪ್ಯಾಂಟು ಹಿಡಿದುಕೊಂಡು ಬೇವಿನ ಮರದ ಕಡೆ ನಡೆದರು.

ಪದ್ಮಾ ಆ ವರ್ಷ ಬೆಳಗಾವಿಯಲ್ಲಿ ಆಯ್ಕೆಯಾದಳು. ಚೆಂಡಿಲ್ಲದೆ ಓಡಿ ಓಡಿ, ಚೆಂಡು ಎಲ್ಲಿಗೆ ಬರುತ್ತದೆ ಎಂದು ಮೊದಲೇ ಅಲ್ಲಿ ಹೋಗಿ ನಿಲ್ಲುವುದನ್ನು ಕಲಿತಿದ್ದಳಂತೆ. ಮುಂದೆ ಒಂಬತ್ತು ವರ್ಷ ಆಡಿದಳು. ಒಂಬತ್ತು ಕ್ಷಮಾವಣಿ ಬಂದು ಹೋದವು. ಪ್ರತಿ ವರ್ಷ ಈ ಸಲ ಹೇಳುತ್ತೇನೆ ಎಂದುಕೊಂಡೆ. ಪ್ರತಿ ವರ್ಷ ಅವರಿಗೆ ಚಹಾ ಕೊಟ್ಟು ಕಳಿಸಿದೆ.

ಹೋದ ಮಳೆಗಾಲದಲ್ಲಿ ಅವರು ನಿಪ್ಪಾಣಿಯ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ಬಸ್ಸು ಹತ್ತಿ ಹೋದೆ. ಹೇಳಬೇಕೆಂದೇ ಹೋದದ್ದು. ಕೌದಿಯ ಹೊರಗೆ ಆ ಹೆಬ್ಬೆರಳು ಕಾಣುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಕೇಳಿದರು.

"ಹುಡುಗಿ ಹೊತ್ತ ಮುಣಗೂದ್ರೊಳಗ ಉಣ್ಣತಾಳಲ್ರಿ?"

"ಉಣ್ಣತಾಳ್ರಿ" ಎಂದೆ. ಅಷ್ಟೇ ಆಯಿತು. ಕೌದಿ ಎಳೆದು ಆ ಹೆಬ್ಬೆರಳು ಮುಚ್ಚಿ ಎದ್ದು ಬಂದೆ. ನಾನು ಊರಿಗೆ ಬಂದ ನಾಲ್ಕನೆಯ ದಿನ ಅವರು ಹೋದರು.

ಈ ಬೇಸಿಗೆಯಲ್ಲಿ ನನ್ನ ಮಗ ಬಾವಿಯ ಹೂಳು ತೆಗೆಸಿದ. ಗಾಳಿ ಹೋಗಿ ಯಾವಾಗಲೋ ತಳ ಸೇರಿದ್ದ ಚೆಂಡೂ ಕೆಸರಿನ ಬುಟ್ಟಿಯಲ್ಲಿ ಮೇಲೆ ಬಂತು, ಪಾಚಿ ಹಿಡಿದು, ಒಂದು ಮಗ್ಗುಲು ಕುಸಿದು. ಬಾರಿಗೆಯಿಂದ ನೂಕಿದವಳು ಈ ಸಲ ಎರಡೂ ಕೈಯಿಂದ ಎತ್ತಿಕೊಂಡು ದೋಣಿಯಲ್ಲಿ ತೊಳೆದೆ. ಆದರೂ ಧೈರ್ಯ ಬರದೆ ಕಾಳಿನ ಕಣಜದ ಹಿಂದೆ ಮುಚ್ಚಿಟ್ಟೆ. ಹೋದ ವಾರ ಪೇಢೆಯ ಬುಟ್ಟಿ ಹಿಡಿದು ಬೇವಿನ ಕೆಳಗಿಂದ ಹಾಗೆಯೇ ತಿರುಗಿ ಬಂದವಳು ಅದನ್ನು ತೆಗೆದು ಪದ್ಮಾಳ ಮಡಿಲಲ್ಲಿಟ್ಟು ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಆ ಕರೀ ನಾಯಿಗೆ ಎಷ್ಟ ಕಲ್ಲ ಒಗದೀನಿ, ಆಯಿ" ಎಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಆಮೇಲೆ, "ಸರ್‌ಗೆ ಹೇಳಿದ್ಯಾ?" ಎಂದು ಕೇಳಿದಳು.

ನಾನು ತಲೆ ತಗ್ಗಿಸಿದೆ. ಅವಳು ಚೆಂಡನ್ನು ಎತ್ತಿಕೊಂಡು ಎದ್ದು ಹೋದಳು.

ನಿನ್ನೆ ಅವಳ ಮೊದಲ ದಿನದ ಆಟ ನೋಡಲು ಗೈರಾಣಕ್ಕೆ ಹೋಗಿದ್ದೆ. ಇಪ್ಪತ್ತು ಹುಡುಗಿಯರು, ನಡುವೆ ಕೊರಳಲ್ಲಿ ಸೀಟಿ ಹಾಕಿಕೊಂಡ ನನ್ನ ಪದ್ಮಾ. ಎದೆ ಉಬ್ಬಿ ಸೀರೆ ಸಾಲಲಿಲ್ಲ ನನಗೆ. ಆಟ ಕಾವೇರಿತ್ತು. ಬಿಸಿಲು ಬೇವಿನ ತುದಿ ಮುಟ್ಟಿತು. ಅವಳು ಸೀಟಿ ಊದಿದಳು. ಹುಡುಗಿಯರು ಗೊಣಗಿದರು. ಅವಳು ಕಿಸೆಯಿಂದ ಪುಟಾಣಿ, ಬೆಲ್ಲ ತೆಗೆದಳು.

ಈ ಭಾದ್ರಪದದಲ್ಲೂ ಕ್ಷಮಾವಣಿ ಬರುತ್ತದೆ. ಮರದ ಬುಡದಲ್ಲಿ ಚಪ್ಪಲಿ ಇರುವುದಿಲ್ಲ, ಟೊಂಗೆಯಲ್ಲಿ ಬೆಲ್ಟು ಇರುವುದಿಲ್ಲ. ನಾನು ಹೋಗಿ ನಿಂತು ಕೈಮುಗಿಯುತ್ತೇನೆ. ಆದರೆ ಕೈಮುಗಿದವರಿಗೆ "ಇರಲಿ ಬಿಡ್ರಿ" ಎನ್ನಲು ಎದುರಿಗೆ ಒಬ್ಬರು ಬೇಕು. ಅವರಿದ್ದಾಗ ಆ ಮಾತನ್ನು ನಾನೇ ಆಡಿ ಮುಗಿಸಿದ್ದೇನೆ.