ಎರಡೂ ಕೈ ಮುಟ್ಟಬೇಕು

ಶಾಲೆಯಲ್ಲಿ ನಮ್ಮಕ್ಕನ ಹೆಸರು ಕಪ್ಪೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು, ಆದರೆ ಅದನ್ನು ಕರೆಯುತ್ತಿದ್ದವರು ಹಾಜರಿ ತೆಗೆದುಕೊಳ್ಳುವ ಟೀಚರು ಮಾತ್ರ. ಅವಳು ಈಜುತ್ತಿದ್ದದ್ದು ಬ್ರೆಸ್ಟ್‌ಸ್ಟ್ರೋಕ್. ಮೊಣಕಾಲು ಮಡಿಸಿ, ಒದ್ದು, ಮೈ ಚಾಚಿ ಮುಂದೆ ಹೋಗುವ ಈಜು. ಅದನ್ನು ಕಂಡ ಮಕ್ಕಳಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಮೀನು ಅಂದರೆ ಹಿಡಿಯೋಕೆ ಬರುತ್ತಾರೆ, ಕಪ್ಪೆ ಅಂದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದು ನಗುತ್ತಿದ್ದಳು.

ನಾನು ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ನೀರು ಕಂಡರೆ ನಾನು ಮಾರು ದೂರ. ಆದರೂ ಆರು ವರ್ಷ, ದಿನ ಬೆಳಗಾದರೆ ಅವಳ ಜೊತೆ ಶಾಲೆಯ ಈಜುಕೊಳಕ್ಕೆ ಹೋಗಿದ್ದೇನೆ. ಅಪ್ಪ ಬಸ್ ಡ್ರೈವರ್. ಡಿಪೋದಿಂದ ಐದು ಗಂಟೆಗೆ ಹೊರಡುವ ಮೊದಲ ಬಸ್ಸು ಅಪ್ಪನದು. ಅಮ್ಮ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವಲ್ಲಿ ಬೆಳಗಿನ ಪಾಳಿಗೆ ಹೋಗುತ್ತಿದ್ದಳು. ಬಾಗಿಲಿಗೆ ಬೀಗ ಬಿದ್ದ ಮೇಲೆ ನಾನು ಇನ್ನೆಲ್ಲಿ ಇರಲಿ? ಹಾಗಾಗಿ ಅಕ್ಕನ ಟವೆಲು, ಚಪ್ಪಲಿ ಕಾಯುವ ಕೆಲಸ ನನ್ನದಾಯಿತು. ಖಾಲಿ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಇಬ್ಬರೂ ಒತ್ತಿ ಕೂರುತ್ತಿದ್ದೆವು. ಕಿಟಕಿಯ ಗಾಜು ಗಡಗಡ ನಡುಗುತ್ತಿತ್ತು. ತಲೆ ಮೇಲಿನ ಕನ್ನಡಿಯಲ್ಲಿ ಅಪ್ಪನ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ನಾವು ಇಳಿಯುವಾಗ ಅಪ್ಪ ಒಮ್ಮೆ ಹಾರ್ನ್ ಒತ್ತುತ್ತಿದ್ದ. ಆ ಸದ್ದು ಈಗಲೂ ಯಾವುದೋ ಹಳೆಯ ಬಸ್ಸಿನಿಂದ ಕೇಳಿಬಂದರೆ ಕಾಲು ತಾನಾಗಿ ನಿಲ್ಲುತ್ತದೆ.

ಈಜು ಕಲಿಸುತ್ತಿದ್ದವರು ಡ್ರಿಲ್ ಮೇಷ್ಟ್ರು. ಗಿಡ್ಡ ಆಳು, ಬೋಳು ತಲೆ, ಮಾತು ಕಡಿಮೆ. ಐದೂ ಮುಕ್ಕಾಲಿಗೆ ಕೊಳದ ಗೇಟು ಮುಚ್ಚಿದರೆ ಮುಗಿಯಿತು, ಬ್ರಹ್ಮ ಬಂದರೂ ತೆಗೆಯುತ್ತಿರಲಿಲ್ಲ. ಒಮ್ಮೆ ಅಪ್ಪನ ಬಸ್ಸು ಪಂಕ್ಚರ್ ಆಗಿ ನಮಗೆ ಮೂರು ನಿಮಿಷ ತಡವಾಯಿತು. ಅಕ್ಕ ಕಂಬಿ ಹಿಡಿದು ನಿಂತು ಅತ್ತಳು. ಮೇಷ್ಟ್ರು ತಿರುಗಿ ನೋಡಲಿಲ್ಲ. ನಾನು ಅವತ್ತು ಅವರಿಗೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಆದರೆ ಅದೇ ವರ್ಷ, ಒಂದು ದಿನ ಮೇಷ್ಟ್ರೇ ತಡವಾಗಿ ಬಂದರು. ಸೈಕಲ್ಲಿನ ಚೈನು ಕಳಚಿ ಕೈಯೆಲ್ಲ ಮಸಿಯಾಗಿತ್ತು. ಗೇಟಿನ ಆಳು ಅವರನ್ನು ಕಂಡು ಬೀಗ ತೆಗೆಯಲು ಹೋದ. ಅವರು ಬೇಡವೆಂದು ಕೈ ಆಡಿಸಿ, ಒಂದು ಗಂಟೆ ಪೂರ್ತಿ ಗೇಟಿನ ಹೊರಗೇ ನಿಂತು, ಕಂಬಿಯ ಸಂದಿನಿಂದ ಕೂಗಿ ಪಾಠ ಮಾಡಿದರು. ಮಕ್ಕಳೆಲ್ಲ ನೀರೊಳಗೆ ಮುಖ ಮುಳುಗಿಸಿ ನಕ್ಕು ನಕ್ಕು ನೀರು ಕುಡಿದರು. ಅಕ್ಕ ನಗಲಿಲ್ಲ. ಅವತ್ತಿನಿಂದ ಅವಳು ಒಂದು ದಿನವೂ ತಡಮಾಡಲಿಲ್ಲ. ಬಸ್ಸು ಕೆಟ್ಟ ದಿನ ಓಡಿಕೊಂಡು ಹೋದಳು, ನನ್ನನ್ನೂ ದರದರ ಎಳೆದುಕೊಂಡು.

ಮೇಷ್ಟ್ರ ಜೊತೆಗೆ ಇನ್ನೊಬ್ಬರಿದ್ದರು, ಲೆಕ್ಕದ ಟೀಚರು. ಅವರಿಗೆ ಈಜಿನ ಗಂಧಗಾಳಿ ಇರಲಿಲ್ಲ. ಕೊಳದ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದರು, ಬೆಳಗಿನ ಹೊತ್ತು ಬೇಸರವೆಂದು ಬಂದು, ಬಕೆಟ್ ಬೋರಲು ಹಾಕಿ ಕೂತು, ಸ್ಟಾಪ್‌ವಾಚ್ ಹಿಡಿಯುತ್ತಿದ್ದರು. ಅಕ್ಕ ಗೋಡೆ ಮುಟ್ಟಿದ ಕೂಡಲೇ ಸಮಯ ಹೇಳುತ್ತಿರಲಿಲ್ಲ. ಮೊದಲು ನೀನು ಹೇಳು, ಎಷ್ಟಾಗಿರಬಹುದು ಎಂದು ಕೇಳುತ್ತಿದ್ದರು. ಆರಂಭದಲ್ಲಿ ಅಕ್ಕನ ಊಹೆ ಆರು ಏಳು ಸೆಕೆಂಡು ಆಚೀಚೆ ಆಗುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅರ್ಧ ಸೆಕೆಂಡಿಗೆ ಬಂದು ನಿಂತಿತು. ಮೇಷ್ಟ್ರು ಅವಳನ್ನು ಕಣ್ಣು ಮುಚ್ಚಿಸಿ ಈಜಿಸುತ್ತಿದ್ದರು. ಗೋಡೆ ತಲುಪಲು ಎಷ್ಟು ಒದೆತ ಎಂದು ಎಣಿಸಿಕೊಂಡು, ಕಾಣದ ಗೋಡೆಯನ್ನು ಎರಡು ಕೈಯಲ್ಲೂ ಒಟ್ಟಿಗೆ ಮುಟ್ಟಬೇಕು. ಎಣಿಕೆ ತಪ್ಪಿ ಹಣೆ ಊದಿಸಿಕೊಂಡು ಬಂದ ದಿನಗಳೂ ಇದ್ದವು. ಅಮ್ಮ ಎಣ್ಣೆ ಹಚ್ಚುತ್ತಾ, ಕಣ್ಣು ಕೊಟ್ಟ ದೇವರಿಗಿಂತ ನಿಮ್ಮ ಮೇಷ್ಟ್ರು ದೊಡ್ಡವರೇನೋ ಎಂದು ಗೊಣಗುತ್ತಿದ್ದಳು.

ಅಕ್ಕನಿಗೆ ಹದಿನಾರು ತುಂಬಿದ ವರ್ಷ ದೊಡ್ಡ ಪಂದ್ಯ ಬಂತು. ನೂರು ಮೀಟರ್ ಗೆದ್ದವಳಿಗೆ ತರಬೇತಿ ಶಿಬಿರದಲ್ಲಿ ಜಾಗ, ಅಲ್ಲಿಂದ ಮುಂದೆ ದೇಶದ ತಂಡ. ಆ ಕೊಳ ಐವತ್ತು ಮೀಟರ್ ಉದ್ದ, ಹಾಗಾಗಿ ತಿರುವು ಒಂದೇ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ತಿರುಗುವಾಗಲೂ ಮುಗಿಸುವಾಗಲೂ ಎರಡೂ ಕೈ ಒಟ್ಟಿಗೇ ಗೋಡೆಗೆ ತಾಗಬೇಕು. ಒಂದೇ ಕೈ ತಾಗಿದರೆ ಆ ಈಜು ರದ್ದು. ಅಕ್ಕ ಗೆದ್ದಳು. ಒಂದು ಗೇಣಿನಷ್ಟೇ ಅಂತರ, ಆದರೂ ಗೆಲುವು ಗೆಲುವೇ. ಅಪ್ಪ ಅವತ್ತು ರಜೆ ಹಾಕಿ ಬಂದಿದ್ದ. ಪಕ್ಕದಲ್ಲಿ ಕೂತಿದ್ದ ಅಪರಿಚಿತನ ಬೆನ್ನು ಗುದ್ದಿ, ಆಮೇಲೆ ಕ್ಷಮೆ ಕೇಳಿದ.

ಅಕ್ಕ ನೀರಿನಿಂದ ಎದ್ದು ಬಂದಳು. ನಾನು ಟವೆಲು ಹಿಡಿದು ನಿಂತಿದ್ದೆ. ಮೇಷ್ಟ್ರು ಬಂದರು. ಭೇಷ್ ಎನ್ನಲಿಲ್ಲ.

"ತಿರುಗುವಾಗ ಎರಡೂ ಕೈ ಮುಟ್ಟಿದ್ವಾ?" ಎಂದರು.

ಅಕ್ಕ ಮುಖ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಕೊನೆಗೆ, "ಇಲ್ಲ ಸಾರ್. ಎಡಗೈ ಜಾರಿತು" ಎಂದಳು.

"ರೆಫರಿ ಅಲ್ಲಿದ್ದಾರೆ. ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಹೋಗಲ್ಲ."

ತಿರುವು ನೋಡಬೇಕಾಗಿದ್ದವನು ಅದೇ ಗಳಿಗೆಯಲ್ಲಿ ಕನ್ನಡಕದ ಮೇಲೆ ಸಿಡಿದ ನೀರು ಒರೆಸಿಕೊಳ್ಳುತ್ತಿದ್ದನಂತೆ. ಅಕ್ಕ ಹೇಳದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಅವಳು ಟವೆಲನ್ನು ನನ್ನ ಕೈಗೆ ಕೊಟ್ಟಳು. ಒದ್ದೆ ಹೆಜ್ಜೆಯ ಗುರುತು ಮೂಡಿಸುತ್ತಾ ಆ ಉದ್ದದ ಕೊಳದ ಅಂಚಿನಲ್ಲಿ ನಡೆದು ಹೋಗಿ ರೆಫರಿಯ ಮುಂದೆ ನಿಂತಳು. ಸ್ವಲ್ಪ ಹೊತ್ತಿಗೆ ಹಲಗೆಯ ಮೇಲಿನ ಅವಳ ಹೆಸರು ಅಳಿಸಿಹೋಯಿತು.

ಅಮ್ಮನಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಪಾಳಿ ಮುಗಿಸಿ ಅದೇ ಸೋಪಿನ ವಾಸನೆಯ ಸೀರೆಯಲ್ಲಿ ನೇರ ಶಾಲೆಗೆ ಹೋದಳು. ನಾನೂ ಜೊತೆಗಿದ್ದೆ.

"ಮೇಷ್ಟ್ರೇ, ನೀವು ಕೇಳದೇ ಇದ್ದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನನ್ನ ಗಂಟೇನೂ ಹೋಗ್ತಿರಲಿಲ್ಲ ತಾಯಿ" ಎಂದರು ಮೇಷ್ಟ್ರು. ಬೇರೆ ಸಮಜಾಯಿಷಿ ಕೊಡಲಿಲ್ಲ, ಅಮ್ಮ ಬೈದಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುವವರಿಗೆ ಎದುರಾಡುವವರು ಸಿಕ್ಕರೆ ಸುಲಭ. ಅಮ್ಮ ಬೈದೂ ಬೈದೂ ಸುಸ್ತಾಗಿ, ಕೊನೆಗೆ ಅವರ ಮೇಜಿನ ಮೇಲಿದ್ದ ನೀರನ್ನೇ ಕುಡಿದು ಬಂದಳು.

ಅಕ್ಕ ಕೊಳಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ ಮೇಷ್ಟ್ರ ಜೊತೆ ಮಾತು ಬಿಟ್ಟಳು. ಹೇಳಿದ್ದನ್ನು ಮಾಡುವಳು, ಬಾಯಿ ಮಾತ್ರ ತೆರೆಯಳು. ಮುಂದಿನ ವರ್ಷದ ಪಂದ್ಯಕ್ಕೆ ಎರಡು ತಿಂಗಳಿದೆ ಎನ್ನುವಾಗ ಅವಳ ಮೊಣಕಾಲಿನ ನರ ಹರಿಯಿತು. ಪಂದ್ಯದ ಕಥೆ ಅಲ್ಲಿಗೆ ಮುಗಿಯಿತು. ಆ ಒಂದು ಜಾಗ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಅಪ್ಪ ಸಾಯುವ ತನಕ ಅಂದುಕೊಳ್ಳುತ್ತಿದ್ದ. ನಾನೂ ಅಂದುಕೊಂಡಿದ್ದೇನೆ. ಮೇಷ್ಟ್ರು ಮಾಡಿದ್ದು ಸರಿಯೋ ತಪ್ಪೋ, ಇಷ್ಟು ವಯಸ್ಸಾದರೂ ನನಗೆ ಪೂರ್ತಿ ಬಗೆಹರಿದಿಲ್ಲ.

ಆಮೇಲೆ ಅಕ್ಕ ನಾಲ್ಕು ವರ್ಷ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದಳು. ಕಾಲು ಗಟ್ಟಿಯಾಯಿತು, ಮುಖ ಮಾತ್ರ ಮಂಕಾಯಿತು. ಒಂದು ಭಾನುವಾರ ಲೆಕ್ಕದ ಟೀಚರು ಪೇಪರಿನ ತುಣುಕೊಂದನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದರು. ನೀರಾವರಿ ಇಲಾಖೆಗೆ ಡೈವರ್‌ಗಳು ಬೇಕಾಗಿದ್ದಾರೆ. ಜಲಾಶಯಗಳಲ್ಲಿ ಮುಳುಗಿ ಗೇಟು, ತೂಬು, ಕಸ ತಡೆಯುವ ಕಬ್ಬಿಣದ ಜಾಲರಿ ಇವನ್ನೆಲ್ಲ ಪರೀಕ್ಷೆ ಮಾಡುವ ಕೆಲಸ. ಹೆಂಗಸರು ಬೇಡ ಎಂದು ಎಲ್ಲೂ ಬರೆದಿಲ್ಲ, ನಾನು ಎರಡು ಸಲ ಓದಿದ್ದೀನಿ ಎಂದರು ಟೀಚರು.

ಪರೀಕ್ಷೆಯ ದಿನ ಅಕ್ಕನನ್ನು ಕಂಡು ಅಧಿಕಾರಿಗಳು ಮುಖ ಮುಖ ನೋಡಿಕೊಂಡರಂತೆ. ನೀರು ತುಂಬಿದ ಆಳದ ತೊಟ್ಟಿ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಮುಖವಾಡದ ಗಾಜಿಗೆ ಕಪ್ಪು ಬಳಿದಿದ್ದರು. ತಳದಲ್ಲಿ ಒಂದು ಕಬ್ಬಿಣದ ಕೊಳವೆ, ಅದಕ್ಕೆ ಎಂಟು ಬೋಲ್ಟು. ಎಲ್ಲವನ್ನೂ ತಡಕಾಡಿ ಬಿಗಿಯಬೇಕು. ಅಕ್ಕ ಮೇಲೆ ಬಂದಾಗ ಒಬ್ಬ ಅಧಿಕಾರಿ ಸುಮ್ಮನೆ ಕೇಳಿದ, ಎಷ್ಟು ಹೊತ್ತು ಒಳಗಿದ್ದೆ ಅಂತ ಗೊತ್ತಾ ಎಂದು. ಒಂಬತ್ತು ನಿಮಿಷ ದಾಟಿರಬೇಕು ಎಂದಳು ಅಕ್ಕ. ಗಡಿಯಾರ ಒಂಬತ್ತು ನಿಮಿಷ ಹತ್ತು ಸೆಕೆಂಡು ತೋರಿಸುತ್ತಿತ್ತು. ಅವಳಿಗೆ ಅದು ವಿಶೇಷ ಅನ್ನಿಸಲೇ ಇಲ್ಲ. ಕೇಳಿದವನು ಮಾತ್ರ ಗಡಿಯಾರವನ್ನು ಪಕ್ಕದವನಿಗೆ ತೋರಿಸಿದ.

ಜಲಾಶಯದ ಆಳದಲ್ಲಿ ಏನೂ ಕಾಣುವುದಿಲ್ಲ. ದೀಪ ಹಿಡಿದರೆ ಹಾಲಿಗೆ ಮಣ್ಣು ಕಲಸಿದ ಹಾಗೆ ಕಾಣುತ್ತದಂತೆ. ಕೈಯೇ ಕಣ್ಣು. ಮೇಲೆ ದೋಣಿಯಲ್ಲಿ ಒಬ್ಬ ಹಗ್ಗ ಹಿಡಿದಿರುತ್ತಾನೆ, ಕೆಳಗೆ ಅಕ್ಕ ಒಂದೊಂದು ಕಂಬಿ ಎಣಿಸುತ್ತಾ ಸಾಗುತ್ತಾಳೆ. ಸೇರಿದ ಮೂರನೆಯ ವರ್ಷ ಒಂದು ತೂಬಿನ ಬಾಯಿಗೆ ಇಳಿದಳು. ಜಾಲರಿಯಲ್ಲಿ ನಲವತ್ತೆರಡು ಕಂಬಿಗಳು. ಮೂವತ್ತೆಂಟಕ್ಕೆ ಬಂದಾಗ ಹೂಳು ಅಡ್ಡವಾಯಿತು, ಗಾಳಿಯ ಹೊತ್ತೂ ಮುಗಿಯುತ್ತಾ ಬಂತು. ಮೇಲೆ ಬಂದು, ನಾಲ್ಕು ಕಂಬಿ ನೋಡಿಲ್ಲ ಎಂದು ಬರೆದಳು.

ಎಂಜಿನಿಯರಿಗೆ ಕೋಪ ಬಂತು. ಮಾರನೆಯ ಬೆಳಿಗ್ಗೆ ಕಾಲುವೆಗೆ ನೀರು ಬಿಡಬೇಕು, ಊರೂರಿಗೆ ಸುದ್ದಿ ಹೋಗಿದೆ.

"ಮೂವತ್ತೆಂಟು ಸರಿಯಾಗಿದ್ರೆ ಆ ನಾಲ್ಕಕ್ಕೇನು ಬಂತಮ್ಮ? ಎಲ್ಲಾ ಸರಿ ಅಂತ ಬರೆದು ಸಹಿ ಹಾಕು."

"ಮುಟ್ಟದೇ ಇರೋದನ್ನ ಮುಟ್ಟಿದೆ ಅಂತ ಬರೆಯೋಕೆ ನನಗೆ ಬರಲ್ಲ ಸಾರ್" ಎಂದಳು ಅಕ್ಕ.

ನೀರು ಬಿಡುವುದು ಒಂದು ದಿನ ಮುಂದಕ್ಕೆ ಹೋಯಿತು. ಹೂಳು ಸರಿಸಿ ಅಕ್ಕ ಮತ್ತೆ ಇಳಿದಳು. ನಾಲ್ಕೂ ಕಂಬಿ ಗಟ್ಟಿಮುಟ್ಟಾಗಿದ್ದವು, ಕೂದಲೆಳೆಯಷ್ಟೂ ದೋಷವಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಳು ಎಂದು ಇಡೀ ಕಚೇರಿ ನಕ್ಕಿತು. ಆದರೆ ಆ ಮಳೆಗಾಲ ಕಳೆದ ಮೇಲೆ, ಕಷ್ಟದ ಜಾಗ ಯಾವುದೇ ಬರಲಿ, ಅದೇ ಎಂಜಿನಿಯರು ಅವಳನ್ನೇ ಕಳಿಸಿ ಎಂದು ಕೇಳತೊಡಗಿದ. ಅವಳು ಸರಿ ಎಂದು ಬರೆದರೆ ಇನ್ನೊಬ್ಬರನ್ನು ಇಳಿಸಿ ನೋಡಬೇಕಾಗಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ಕಚೇರಿ ನಕ್ಕ ಆ ವಾರವೇ ಅಕ್ಕ ಮೇಷ್ಟ್ರನ್ನು ನೋಡಲು ಹೊರಟಳು, ನನ್ನನ್ನೂ ಕರೆದುಕೊಂಡು. ಅವರು ನಿವೃತ್ತರಾಗಿ ಮಗಳ ಮನೆಯ ಮಹಡಿಯ ಒಂದು ಕೋಣೆಯಲ್ಲಿದ್ದರು. ನಮ್ಮನ್ನು ಕಂಡು ಕುರ್ಚಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನು ಗಡಿಬಿಡಿಯಿಂದ ಮಂಚಕ್ಕೆ ಎತ್ತಿಹಾಕಿದರು. ಅಕ್ಕ ನಾಲ್ಕು ಕಂಬಿಯ ಕಥೆ ಹೇಳಿದಳು. ಅವರು ನಗಲಿಲ್ಲ, ಹೂಳು ಎಷ್ಟಿತ್ತು, ಎಷ್ಟು ಹೊತ್ತು ಹಿಡಿಯಿತು ಎಂದು ವಿಚಾರಿಸಿದರು. ಆಮೇಲೆ ಅಕ್ಕ, ವರ್ಷಗಳಿಂದ ಗಂಟಲಲ್ಲಿದ್ದುದನ್ನು ಕೇಳಿಯೇ ಬಿಟ್ಟಳು.

"ಅವತ್ತು ನೀವು ನೋಡಿದ್ರಿ ತಾನೆ ಸಾರ್, ನನ್ನ ಎಡಗೈ?"

ಮೇಷ್ಟ್ರು ಮಂಚದ ಮೇಲಿನ ಬಟ್ಟೆಯೊಂದನ್ನು ಮಡಿಸತೊಡಗಿದರು.

"ಇಲ್ಲ ಕಣಮ್ಮ. ಅಷ್ಟು ದೂರದಿಂದ ಎಲ್ಲಿ ಕಾಣತ್ತೆ? ಏನೋ ಅನುಮಾನ ಬಂತು, ಕೇಳಿದೆ. ನೀನು ಹೌದು ಅಂದಿದ್ರೆ ನಂಬ್ತಿದ್ದೆ."

ಅಷ್ಟು ವರ್ಷ ಅಕ್ಕ, ಸಿಕ್ಕಿಬಿದ್ದೆ, ಅದಕ್ಕೇ ಒಪ್ಪಿಕೊಂಡೆ ಎಂದುಕೊಂಡಿದ್ದಳು. ತನ್ನನ್ನು ಯಾರೂ ಹಿಡಿದಿರಲಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಅವತ್ತು. ಮಹಡಿಯ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡಳು. ಮೊಣಕಾಲು ನೋವಾ ಎಂದು ಕೇಳಿದೆ. ಅಲ್ಲವೆಂದು ತಲೆ ಆಡಿಸಿದಳು. ಬೀದಿಯ ತಿರುವಿನ ತನಕ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಮೇಷ್ಟ್ರು ಬದುಕಿದ್ದ ಏಳು ವರ್ಷವೂ ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಬಂದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ರೇಡಿಯೋ ಕೇಳುತ್ತಾ ಕೂತಿರುತ್ತಿದ್ದರು.

ಈಗ ಅಕ್ಕನಿಗೆ ಐವತ್ತೆಂಟು. ಕಿವಿಯ ತೊಂದರೆಯಿಂದ ಆಳಕ್ಕೆ ಇಳಿಯುವುದನ್ನು ನಿಲ್ಲಿಸಿ ಹತ್ತು ವರ್ಷವಾಯಿತು. ಇಲಾಖೆಯ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಕಲಿಸುತ್ತಿದ್ದಾಳೆ. ಕಳೆದ ತಂಡದ ಹನ್ನೊಂದು ಮಂದಿಯಲ್ಲಿ ನಾಲ್ವರು ಹುಡುಗಿಯರು. ಮೊನ್ನೆ ಅವಳಿಗೆ ಬುತ್ತಿ ಕೊಡಲು ಹೋದಾಗ ಒಬ್ಬಳು ತೊಟ್ಟಿಯಿಂದ ಎದ್ದು ಬಂದು, ಆರು ಬೋಲ್ಟು ಸಿಕ್ಕವು ಮೇಡಂ, ಉಳಿದೆರಡು ಎಷ್ಟು ತಡಕಿದರೂ ಸಿಗಲಿಲ್ಲ ಎಂದಳು. ಆರು ಅಂತಲೇ ಬರಿ ಎಂದು ಅಕ್ಕ ಅವಳ ಹೆಗಲ ಮೇಲೆ ಟವೆಲು ಹೊದಿಸಿದಳು. ಆ ಹುಡುಗಿ ನೆಲದ ಮೇಲೆ ಕೂತು, ಒದ್ದೆ ಕೈ ಒರೆಸಿಕೊಂಡು, ಕಾಗದ ನೆನೆಯದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು. ಬುತ್ತಿ ಆರುತ್ತಿದೆ ಎಂದೆ. ಇವಳು ಬರೆದು ಮುಗಿಸಲಿ ಎಂದು ಅಕ್ಕ ಅಲ್ಲಿಯೇ ನಿಂತಳು.